ಮಾರ್ಟಳ್ಳಿಯ ತಾಯಿಗೊಂದು ವಿಮಾನದ ಪಟ

ಬೆಂಗಳೂರಿನ ಚಳಿಯ ವಿಷಯದಲ್ಲಿ ಹಿರಿಯರು ಆಡುವ ಮಾತುಗಳಲ್ಲಿ ಕೊಂಚ ಅತಿಶಯೋಕ್ತಿ ಇರುವುದುಂಟು. ಆದರೂ 1884ರ ಜನವರಿ 13ರಂದು ಈ ನಗರದ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತೆಂಬುದು ದಾಖಲೆಯಲ್ಲಿರುವ ಸಂಗತಿ. ಈಗ ಅಷ್ಟು ಚಳಿಯಿಲ್ಲವೆನ್ನಿ. ಆದರೆ ಧನುರ್ಮಾಸದ ಬೆಳಗಿನ ಜಾವದಲ್ಲಿ ನಗರದ ಉತ್ತರಕ್ಕೆ, ದೇವನಹಳ್ಳಿಯ ಬಯಲಿಗೆ ಹೋಗಿ ನಿಂತವರಿಗೆ ಹಿರಿಯರ ಮಾತಿನಲ್ಲಿ ತಾನಾಗಿಯೇ ನಂಬಿಕೆ ಹುಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದ ಬಯಲು ಅದು. ಲೋಕವೆಲ್ಲ ಕಂಬಳಿ ಎಳೆದುಕೊಂಡು ಮಗ್ಗುಲಾಗುವ ಆ ಹೊತ್ತಿನಲ್ಲಿ, ಕಿವಿ ಮುಚ್ಚುವಂತೆ ಕುಲಾವಿ ಧರಿಸಿ, ಕ್ಯಾಮೆರಾವನ್ನು ಹೆಗಲಿಗೇರಿಸಿ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸುತ್ತಣ ಹಳ್ಳಿದಾರಿಗಳಲ್ಲಿ ನಿಲ್ಲುವ ಕೆಲವರಿದ್ದಾರೆ. ಅವರಿಗೆ ಎಲ್ಲಿಗೂ ಪ್ರಯಾಣವಿಲ್ಲ. ಯಾರನ್ನೂ ಎದುರುಗೊಳ್ಳಬೇಕಾಗಿಯೂ ಇಲ್ಲ. ಅವರಿಗೆ ಬೇಕಾದುದು ವಿಮಾನದ ಒಂದು ಒಳ್ಳೆಯ ಚಿತ್ರ, ಅಷ್ಟೆ.

ಈ ಹವ್ಯಾಸಿಗಳ ನಡುವೆ ನಾನೂ ಒಂದು ಬೆಳಿಗ್ಗೆ ಹೋಗಿ ನಿಲ್ಲುವಂತಾದುದಕ್ಕೆ ಕಾರಣ, ಆ ನಿಲ್ದಾಣದಿಂದ ಬಹುದೂರದಲ್ಲಿರುವ ಒಂದು ಊರು. ಅದರ ಹೆಸರು ಮಾರ್ಟಳ್ಳಿ.

ತಾಯಿಯ ಕೋರಿಕೆ

ಮಾರ್ಟಳ್ಳಿ ಇರುವುದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರನ ಬೆಟ್ಟದ ಸೀಮೆಯಲ್ಲಿ. ತಮಿಳುನಾಡಿನ ಗಡಿ ಅಲ್ಲಿಗೆ ದೂರವಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕೊಳ್ಳೇಗಾಲದ ಈ ಭಾಗವೆಲ್ಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿಗೂ ಊರಿನ ಬೀದಿಯಲ್ಲಿ ಕನ್ನಡವೂ ತಮಿಳೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಕ್ರೈಸ್ತ ಕುಟುಂಬಗಳು ಬಹಳವಾಗಿರುವುದರಿಂದ ಡಿಸೆಂಬರ್ ತಿಂಗಳ ಚಳಿಗೆ ಹಬ್ಬದ ಕಳೆ ಇರುತ್ತದೆ.

ಈ ಊರಿನವರಿಗೆ ವಿಮಾನವೆಂದರೆ ಆಕಾಶದ ಒಂದು ಬಿಳಿಯ ಗೆರೆ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನದ ಹೊರಗಣ ಗಾಳಿ ಶೂನ್ಯಕ್ಕಿಂತ ನಲವತ್ತು ಐವತ್ತು ಡಿಗ್ರಿ ಕೆಳಗಿರುತ್ತದೆ. ಎಂಜಿನ್ನಿನಿಂದ ಹೊರಬಿದ್ದ ಬಿಸಿ ಆವಿ ಆ ಚಳಿಯಲ್ಲಿ ಕ್ಷಣಮಾತ್ರದಲ್ಲಿ ಹಿಮದ ಕಣಗಳಾಗಿ ಹೆಪ್ಪುಗಟ್ಟುತ್ತದೆ. ನಾವು ಕೆಳಗಿನಿಂದ ಕಾಣುವ ಗೆರೆ ಅದೇ. ವಿಮಾನ ಮಾತ್ರ ಸಾಸಿವೆ ಕಾಳಿನಷ್ಟು.

ನನ್ನ ಹಿರಿಯ ಸ್ನೇಹಿತರೊಬ್ಬರು ಆ ಊರಿನಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಊರಿಗೆಲ್ಲ ಅವರು ‘ಮೇಷ್ಟ್ರು’. ಅವರ ವಿದ್ಯಾರ್ಥಿನಿಯೊಬ್ಬಳು ನರ್ಸ್ ಕೆಲಸ ಕಲಿತು ಮಸ್ಕತ್ತಿನ ಒಂದು ಆಸ್ಪತ್ರೆಗೆ ಹೊರಟಿದ್ದಳು. ತಂದೆ ತೀರಿಕೊಂಡಿದ್ದರು. ತಾಯಿಗೆ ಮಂಡಿನೋವು, ಬಸ್ಸಿನಲ್ಲಿ ಬೆಂಗಳೂರಿನ ತನಕ ಕೂತು ಬರುವುದು ಸಾಧ್ಯವಿರಲಿಲ್ಲ. ಹುಡುಗಿಯನ್ನು ವಿಮಾನ ಹತ್ತಿಸಿ ಬರುವ ಹೊಣೆಯನ್ನು ಮೇಷ್ಟ್ರು ವಹಿಸಿಕೊಂಡರು. ಹೊರಡುವ ದಿನ ಆ ತಾಯಿ ಕೇಳಿದ್ದು ಒಂದೇ ಮಾತು:

“ಮಗಳು ಹತ್ತೋ ಇಮಾನ ಹೆಂಗಿದ್ದದು ಅಂತ ಒಂದು ಪಟ ಹಿಡ್ಕೊಂಡು ಬನ್ನಿ ಮೇಷ್ಟ್ರೆ. ಅದೇ ಇಮಾನದ್ದು. ಬೇರೆದು ಬ್ಯಾಡ.”

ನಿಲ್ದಾಣದಲ್ಲಿ ದಿನಕ್ಕೆ ನೂರಾರು ವಿಮಾನಗಳು ಏರಿ ಇಳಿಯುತ್ತವೆ. ಅವುಗಳಲ್ಲಿ ಒಂದನ್ನು, ಆ ಒಂದನ್ನೇ, ಹೊರಗೆ ನಿಂತು ಗುರುತಿಸಿ ಚಿತ್ರ ತೆಗೆಯಬೇಕು. ಕ್ಯಾಮೆರಾ ಇದ್ದವನು ನಾನಾದುದರಿಂದ ಮೇಷ್ಟ್ರು ನನ್ನನ್ನು ಕರೆದರು. ಆ ಹಬ್ಬದ ವಾರ ನಾನು ಅವರ ಮನೆಯಲ್ಲಿಯೇ ಅತಿಥಿಯಾಗಿದ್ದೆ. ಒಪ್ಪಿಕೊಂಡೆ.

ಎರಡು ಹಳ್ಳಿಗಳ ನಡುವೆ

ಹನೂರು, ಕೊಳ್ಳೇಗಾಲ, ಸತ್ತೇಗಾಲದ ಬಳಿ ಕಾವೇರಿ, ಆಮೇಲೆ ಮಳವಳ್ಳಿ, ಕನಕಪುರ: ಹೀಗೆ ಸಾಗಿತು ನಮ್ಮ ಪಯಣ. ಬೆಂಗಳೂರು ಸೇರಿದ ಮೇಲೆ ಅರ್ಧ ದಿನ ಉಳಿದಿತ್ತು. ಹುಡುಗಿ ಬಂಧುಗಳ ಮನೆಗೆ ಹೋದಳು. ಮೇಷ್ಟ್ರು, “ನಾಳೆ ಪರೀಕ್ಷೆ, ಇವತ್ತು ಪಾಠ ಓದಿಕೊಳ್ಳೋಣ” ಎಂದು ನಕ್ಕು, ನನ್ನನ್ನು ಹಳೆಯ ವಿಮಾನ ನಿಲ್ದಾಣದ ರಸ್ತೆಯ ವಿಮಾನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಅದರ ಪಕ್ಕದ ಬಡಾವಣೆಯ ಹೆಸರು ಮಾರತಹಳ್ಳಿ. ಮಾರ್ಟಳ್ಳಿಯಿಂದ ಹೊರಟವರು ಮಾರತಹಳ್ಳಿಯಲ್ಲಿ ಇಳಿದಾಗ ಮೇಷ್ಟ್ರಿಗಾದ ಸಂತೋಷ ಅಷ್ಟಿಷ್ಟಲ್ಲ!

ಮಾರತಹಳ್ಳಿಗೆ ಆ ಹೆಸರು ಬಂದುದು ‘ಮಾರುತ್’ ಎಂಬ ಯುದ್ಧವಿಮಾನದಿಂದ ಎನ್ನುವವರಿದ್ದಾರೆ. ಕತೆ ಸೊಗಸಾಗಿದೆ, ಆದರೆ ಊರು ವಿಮಾನಕ್ಕಿಂತ ಹಳೆಯದು. ಮಾರುತ್ ಮೊದಲು ಹಾರಿದ್ದು 1961ರ ಜೂನ್ 17ರಂದು, ಇದೇ ಬೆಂಗಳೂರಿನಲ್ಲಿ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಜರ್ಮನಿಯ ಕುರ್ಟ್ ಟ್ಯಾಂಕ್. ಅದಕ್ಕೂ ಹತ್ತು ವರ್ಷ ಮೊದಲು, 1951ರಲ್ಲಿ, ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ–2 ಎಂಬ ತರಬೇತಿ ವಿಮಾನ ಇಲ್ಲಿಂದಲೇ ಹಾರಿತ್ತು. ಇದಕ್ಕೆಲ್ಲ ಮೂಲ, ಉದ್ಯಮಿ ವಾಲ್‌ಚಂದ್ ಹಿರಾಚಂದರು ಮೈಸೂರು ಸರ್ಕಾರದ ಬೆಂಬಲದಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ. ‘ತೇಜಸ್’ ಮೊದಲ ಬಾರಿ ನೆಲ ಬಿಟ್ಟದ್ದೂ ಇಲ್ಲಿಯೇ, 2001ರ ಜನವರಿ 4ರಂದು. ಬೆಂಗಳೂರಿನ ಚಳಿಗೂ ವಿಮಾನಕ್ಕೂ ನಂಟು ಇಂದು ನಿನ್ನೆಯದಲ್ಲ.

ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ಈ ಹಳೆಯ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣಕ್ಕೆ ಹೋದವು. ರಕ್ಷಣಾ ಕಾರ್ಯದ ನೆಲವಾದ ಇಲ್ಲಿಯ ವಿಮಾನಾಂಗಣದ ಕಡೆಗೆ ಕ್ಯಾಮೆರಾ ತಿರುಗಿಸುವಂತಿಲ್ಲ.

ಮಂಜಿನ ಬೆಳಗು

ಮಾರನೆಯ ದಿನ ನಾಲ್ಕೂವರೆ ಗಂಟೆಗೇ ಹೊಸ ನಿಲ್ದಾಣ ತಲುಪಿದೆವು. ಹೊರದೇಶಗಳಿಗೆ ಹೋಗುವವರು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್ಲಿಗೆ ಹೋಗಬೇಕು. ಬಿದಿರಿನ ಚಾವಣಿ, ತೂಗಾಡುವ ಹಸಿರು ಗಿಡಗಳ ಆ ಭವ್ಯ ಕಟ್ಟಡದ ಬಾಗಿಲಲ್ಲಿ ಕಾವಲಿನವರು ಟಿಕೆಟ್ಟಿದ್ದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಹುಡುಗಿ ಮೇಷ್ಟ್ರ ಕಾಲು ಮುಟ್ಟಿ ನಮಸ್ಕರಿಸಿದಳು. “ಬಲಗಡೆ ಕಿಟಕಿ ಪಕ್ಕದ ಸೀಟು ಸಾರ್” ಎಂದು ಹೇಳಿ ಒಳಗೆ ಹೋದಳು. ಬಾಗಿಲಿನ ಗಾಜಿನಾಚೆ ಅವಳ ಕೆಂಪು ಸ್ವೆಟರ್ ಸ್ವಲ್ಪ ಹೊತ್ತು ಕಾಣುತ್ತಿತ್ತು.

ನಾವು ಹೊರಬಂದು ನಿಲ್ದಾಣದ ದಕ್ಷಿಣದ ಒಂದು ಹಳ್ಳಿದಾರಿಯಲ್ಲಿ ನಿಂತೆವು. ಒಂದು ಕಡೆ ರಾಗಿ ಕೊಯ್ದ ಹೊಲ, ಇನ್ನೊಂದು ಕಡೆ ದ್ರಾಕ್ಷಿಯ ಚಪ್ಪರ. ಸ್ಥಳದ ಆಯ್ಕೆಯಲ್ಲಿಯೂ ಒಂದು ಲೆಕ್ಕವಿದೆ. ನಿಲ್ದಾಣದ ಎರಡು ರನ್‌ವೇಗಳೂ, ತಲಾ ನಾಲ್ಕು ಸಾವಿರ ಮೀಟರ್ ಉದ್ದದವು, ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಮುಂಗಾರಿನಲ್ಲಿ ಇಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಆದಕಾರಣ ಚಳಿಗಾಲದಲ್ಲಿ ವಿಮಾನಗಳು ಬಳ್ಳಾರಿ ರಸ್ತೆಯ ಮೇಲಿನಿಂದ ತಗ್ಗಿ ಬಂದು ಇಳಿಯುತ್ತವೆ. ಹೊರಡುವವು ಸೂರ್ಯನ ಕಡೆಗೆ ಮುಖ ಮಾಡಿ ಏರುತ್ತವೆ. ಈ ತಿಂಗಳುಗಳಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದರಿಂದ, ದಕ್ಷಿಣದಲ್ಲಿ ನಿಂತವನ ಬೆನ್ನಿಗೆ ಬಿಸಿಲು, ವಿಮಾನದ ಬಲಮಗ್ಗುಲಿಗೆ ಬೆಳಕು.

ಇದನ್ನೆಲ್ಲ ನಮಗೆ ವಿವರಿಸಿದವನು ಅಲ್ಲಿ ಮೊದಲೇ ಬಂದು ನಿಂತಿದ್ದ ಒಬ್ಬ ಕಾಲೇಜು ಹುಡುಗ. ಬಿಸಿಲುಗಾಲಕ್ಕಿಂತ ಚಳಿಗಾಲವೇ ಮೇಲೆಂದು ಅವನ ಮತ. ಬೇಸಗೆಯಲ್ಲಿ ಕಾದ ನೆಲದಿಂದೇಳುವ ಬಿಸಿ ಗಾಳಿ ದೂರದ ವಿಮಾನವನ್ನು ನೀರಿನೊಳಗಿನ ನೆರಳಿನಂತೆ ನಡುಗಿಸುತ್ತದೆ. ಎಂಥ ಮಸೂರವಿದ್ದರೂ ಚಿತ್ರ ಕಲಕಿಹೋಗುತ್ತದೆ. ತಂಪು ಗಾಳಿಯಲ್ಲಿ ಆ ಕಾಟವಿಲ್ಲ. ವಿಮಾನಕ್ಕೂ ಚಳಿ ಹಿತವೇ. ಹದಿನೈದು ಡಿಗ್ರಿಯ ಗಾಳಿ ಮೂವತ್ತೈದು ಡಿಗ್ರಿಯ ಗಾಳಿಗಿಂತ ನೂರಕ್ಕೆ ಏಳರಷ್ಟು ಸಾಂದ್ರ. ರೆಕ್ಕೆಗೂ ಎಂಜಿನ್ನಿಗೂ ಅಷ್ಟು ಹೆಚ್ಚು ಆಧಾರ.

ಆದರೆ ಚಳಿಯ ಹಿಂದೆಯೇ ಬರುವ ಮಂಜಿಗೆ ಏನು ಮಾಡುವುದು? ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ನೆಲಕ್ಕೆ ತಾಗಿದ ತೇವದ ಗಾಳಿ ಅಲ್ಲಿಯೇ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಗಾಳಿ ಬೀಸದಿದ್ದರೆ ಮಂಜು ಕದಲುವುದಿಲ್ಲ. ನವೆಂಬರಿನಿಂದ ಫೆಬ್ರವರಿಯ ತನಕ ದೇವನಹಳ್ಳಿಯ ಬಯಲಿನಲ್ಲಿ ಇದು ಸಾಮಾನ್ಯ. 2019ರ ಡಿಸೆಂಬರಿನಲ್ಲಿ ತೆರೆದ ದಕ್ಷಿಣದ ರನ್‌ವೇಗೆ ಅನಂತರ ಮಂಜಿನಲ್ಲಿ ದಾರಿ ತೋರಿಸುವ ಉನ್ನತ ಸಲಕರಣೆಯನ್ನು ಅಳವಡಿಸಿದ್ದಾರೆ. ಹಿಂದೆ ಇಳಿಯಲು 550 ಮೀಟರ್, ಏರಲು 300 ಮೀಟರ್ ದೂರ ಕಾಣಲೇಬೇಕಾಗಿತ್ತು. ಈಗ ತಕ್ಕ ತರಬೇತಿ ಪಡೆದ ಚಾಲಕ, ತಕ್ಕ ವಿಮಾನ ಇದ್ದರೆ ಇಳಿಯಲು 50 ಮೀಟರ್, ಏರಲು 125 ಮೀಟರ್ ಸಾಕು. ವಿಮಾನದ ಕಣ್ಣಿಗೇನೋ ಪರಿಹಾರ ಸಿಕ್ಕಿತು. ಕ್ಯಾಮೆರಾದ ಕಣ್ಣಿಗೆ ಸಿಕ್ಕಿಲ್ಲ.

ಆರು ಗಂಟೆಗೆ ನಮ್ಮೆದುರು ಇದ್ದುದು ಬಿಳಿಯ ಗೋಡೆ. ಶಬ್ದ ಬರುತ್ತಿತ್ತು, ವಿಮಾನ ಕಾಣುತ್ತಿರಲಿಲ್ಲ. ಎಲ್ಲಿಯೋ ನೆಲ ಗುಡುಗಿ, ಗುಡುಗು ತಲೆಯ ಮೇಲೇರಿ, ಮತ್ತೆ ಮೌನವಾಗುತ್ತಿತ್ತು. ಪ್ರತಿ ಸಲವೂ ಮೇಷ್ಟ್ರು, “ಅದಲ್ಲ ತಾನೆ?” ಎಂದು ಗಾಬರಿಯಿಂದ ಕೇಳುವರು. “ಅದಲ್ಲ ಸಾರ್” ಎಂದು ಹುಡುಗ ಫೋನು ತೋರಿಸುವನು. ವಿಮಾನಗಳು ತಮ್ಮ ಗುರುತು, ಎತ್ತರ, ಇರುವ ಸ್ಥಾನಗಳನ್ನು ರೇಡಿಯೋ ಮೂಲಕ ತಾವೇ ಸಾರುತ್ತಿರುತ್ತವೆ; ಅದನ್ನು ಹಿಡಿದು ನಕ್ಷೆಯ ಮೇಲೆ ತೋರಿಸುವ ಸೌಕರ್ಯ ಈಗ ಎಲ್ಲರ ಕೈಯಲ್ಲಿದೆ. ಎಂಟು ಗಂಟೆಗೆ ಹೊರಡಬೇಕಾಗಿದ್ದ ಮಸ್ಕತ್ತಿನ ವಿಮಾನ ಇನ್ನೂ ನಿಂತಲ್ಲಿಯೇ ಇತ್ತು.

ಹುಣಸೆ ಮರವಿದ್ದ ಜಾಗ

ಕಾಯುವ ಹೊತ್ತಿನಲ್ಲಿ ಹಸುಗಳನ್ನು ಅಟ್ಟಿಕೊಂಡು ಬಂದ ಮುದುಕರೊಬ್ಬರು ನಮ್ಮ ಪಕ್ಕದಲ್ಲಿ ಬೀಡಿ ಹಚ್ಚಿ ನಿಂತರು. ಮಂಜಿನೊಳಗೆ ಮಿಣುಕುತ್ತಿದ್ದ ಒಂದು ದೀಪದ ಕಡೆ ಕೈತೋರಿ, “ಅಲ್ಲೇ ನಮ್ಮ ಹೊಲದ ಹುಣಸೆಮರ ಇತ್ತು” ಎಂದರು. ನಿಲ್ದಾಣದ ನೆಲ ಸುಮಾರು ನಾಲ್ಕು ಸಾವಿರ ಎಕರೆ. ಅರಿಶಿನಕುಂಟೆ, ಅಣ್ಣೇಶ್ವರ, ಗಂಗಮುತ್ತನಹಳ್ಳಿ ಮೊದಲಾದ ಊರುಗಳ ಹೊಲಗದ್ದೆಗಳು ಅದರಲ್ಲಿ ಸೇರಿಹೋದವು. “ಮರದ ಪಟ ಏನಾದರೂ ಇದೆಯೇ ಯಜಮಾನರೆ?” ಎಂದು ಮೇಷ್ಟ್ರು ಕೇಳಿದರು. ಮುದುಕರು ನಕ್ಕು, “ಮರದ ಪಟ ಯಾರು ತೆಗೀತಾರೆ ಸ್ವಾಮಿ? ಅದು ಅಲ್ಲೇ ಇತ್ತಲ್ಲ!” ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ದೇವನಹಳ್ಳಿಯ ನೆಲದ ಕತೆ ನಿಲ್ದಾಣದೊಡನೆ ಮುಗಿದುದಲ್ಲ. ವಿಮಾನೋದ್ಯಮಕ್ಕಾಗಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವಶಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು.

ಅಷ್ಟರಲ್ಲಿ ಪೊಲೀಸರ ಹೊಯ್ಸಳ ಗಾಡಿ ಬಂದು ನಿಂತಿತು. ಯಾರು, ಏನು ಎಂದು ವಿಚಾರಿಸಿದರು. ಮೇಷ್ಟ್ರು ತಾಯಿಯ ಕೋರಿಕೆಯನ್ನು ಹೇಳಿದರು. ಪೊಲೀಸಿನವರು ಕ್ಯಾಮೆರಾದೊಳಗಿನ ಚಿತ್ರಗಳನ್ನು ನೋಡಿ, ಬೇಲಿಯ ಹತ್ತಿರ ಹೋಗಬೇಡಿರೆಂದು ತಿಳಿಸಿ ಹೊರಟರು. ಅವರು ಕೇಳಿದುದು ನ್ಯಾಯವೇ. ಸರ್ಕಾರಿ ವಿಮಾನಾಂಗಣಗಳೊಳಗೆ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು 1937ರ ವಿಮಾನ ನಿಯಮಗಳೇ ತಡೆದಿದ್ದವು. ರಕ್ಷಣಾ ನೆಲೆಗಳ ಮಾತಂತೂ ಇನ್ನೂ ಕಠಿಣ. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟ ವಾಯುನೆಲೆಯಲ್ಲಿ ವಿಮಾನಗಳ ಸಂಖ್ಯೆ ಬರೆದುಕೊಳ್ಳುತ್ತಿದ್ದ 12 ಮಂದಿ ಬ್ರಿಟಿಷರೂ ಇಬ್ಬರು ಡಚ್ಚರೂ ಗೂಢಚಾರರೆಂಬ ಆರೋಪದ ಮೇಲೆ ಸೆರೆಯಾದರು. ಕೆಳಗಿನ ನ್ಯಾಯಾಲಯ ಶಿಕ್ಷೆಯನ್ನೂ ವಿಧಿಸಿತು. ಮೇಲ್ಮನವಿಯಲ್ಲಿ ಅವರು ಬಿಡುಗಡೆ ಹೊಂದಿದ್ದು 2002ರ ನವೆಂಬರಿನಲ್ಲಿ. ಹವ್ಯಾಸಕ್ಕೂ ಎಲ್ಲೆಯುಂಟು, ಆ ಎಲ್ಲೆಯನ್ನು ಬಲ್ಲವನೇ ನಿಶ್ಚಿಂತೆಯಿಂದ ಚಿತ್ರ ತೆಗೆಯಬಲ್ಲ.

ಬಲಗಡೆಯ ಕಿಟಕಿ

ಎಂಟೂವರೆಯ ಸುಮಾರಿಗೆ ಮಂಜು ನೆಲ ಬಿಟ್ಟು ಮೇಲೇಳತೊಡಗಿತು. ಮೊದಲು ಬೇಲಿ ಕಂಡಿತು. ಅನಂತರ ಹುಲ್ಲು, ದೀಪಗಳ ಸಾಲು, ಕಡೆಗೆ ಉತ್ತರ ದಿಗಂತದಲ್ಲಿ ನಂದಿಬೆಟ್ಟದ ನೆರಳು. ವಿಮಾನಗಳು ಒಂದರ ಹಿಂದೊಂದರಂತೆ ಹೊರಟವು. ಒಂದು ಸಣ್ಣ ಪ್ರೊಪೆಲ್ಲರ್ ವಿಮಾನ ಬಂದಾಗ ಹುಡುಗ ಕ್ಯಾಮೆರಾದ ವೇಗವನ್ನು ಇಳಿಸಿಕೊಂಡ. ಜೆಟ್ ವಿಮಾನಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸರಿ. ಪ್ರೊಪೆಲ್ಲರಿಗೆ ಅದೇ ವೇಗ ಹಿಡಿದರೆ ಅದರ ಅಲಗುಗಳು ತಿರುಗದೆ ನಿಂತಂತೆ ಕಾಣುತ್ತವೆ, ವಿಮಾನ ಆಕಾಶದಲ್ಲಿ ಕೆಟ್ಟು ನಿಂತಿದೆಯೋ ಎಂಬ ಭ್ರಮೆಯಾಗುತ್ತದೆ. ನನ್ನ ಮಸೂರದ ಮೇಲೆ ಕುಳಿತ ಇಬ್ಬನಿಯನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿಕೊಟ್ಟವನೂ ಅವನೇ.

ಹುಡುಗಿ ವಿಮಾನದೊಳಗಿನಿಂದ ಫೋನು ಮಾಡಿದಳು: “ಬಾಗಿಲು ಹಾಕಿದರು ಸಾರ್. ಫೋನ್ ಆಫ್ ಮಾಡಬೇಕಂತೆ.” ಮೇಷ್ಟ್ರು, “ಹೆದರಬೇಡಮ್ಮ, ನಾವು ಇಲ್ಲೇ ಇದ್ದೇವೆ” ಎಂದರು. ಎಲ್ಲಿ ಎಂದು ಅವಳಿಗೆ ತಿಳಿಯುವಂತಿರಲಿಲ್ಲ.

ಒಂಬತ್ತೂ ನಲವತ್ತಕ್ಕೆ ಹುಡುಗ, “ಇದೇ!” ಎಂದು ಕೂಗಿದ. ಪಶ್ಚಿಮದ ತುದಿಯಲ್ಲಿ ದೀಪವೊಂದು ಬೆಳೆಯುತ್ತ ಬಂತು. ಎಡದಿಂದ ಬಲಕ್ಕೆ, ಗಂಟೆಗೆ 250 ಕಿಲೋಮೀಟರ್ ವೇಗಕ್ಕೆ ಏರುತ್ತ, ಮೂಗನ್ನೆತ್ತಿ, ಗಾಲಿ ಬಿಡಿಸಿಕೊಂಡು, ತೆಳುಮಂಜಿನ ಕೊನೆಯ ಪರದೆಯನ್ನು ಹರಿದು ಮೇಲೆದ್ದಿತು. ಬಿಸಿಲು ಅದರ ಬಲಮಗ್ಗುಲಿನ ಮೇಲೆ ಪೂರ್ತಿಯಾಗಿ ಬಿದ್ದಿತ್ತು. ಬೆರಳು ಮರಗಟ್ಟಿದ್ದರೂ ಹನ್ನೊಂದು ಚಿತ್ರ ತೆಗೆದೆ. ಪಶ್ಚಿಮ ದೇಶಕ್ಕೆ ಹೋಗಬೇಕಾದ ವಿಮಾನ ಮೊದಲು ಪೂರ್ವಕ್ಕೆ ಸಾಗಿ, ದೂರದಲ್ಲಿ ಬಾಗಿ ತಿರುಗಿ, ಎತ್ತರದಲ್ಲಿ ಮತ್ತೆ ಪಡುವಣಕ್ಕೆ ಹೋಯಿತು. ಮೇಷ್ಟ್ರು ಅದು ಚುಕ್ಕೆಯಾಗುವ ತನಕ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ವಿಮಾನದ ಹಿಂಭಾಗದಲ್ಲಿ ಬರೆದ ನೋಂದಣಿ ಅಕ್ಷರಗಳು ಸ್ಪಷ್ಟವಾಗಿದ್ದವು. ಮೋಟಾರು ಗಾಡಿಯ ನಂಬರಿನಂತೆ ಈ ಅಕ್ಷರಗಳು ಒಂದು ವಿಮಾನಕ್ಕೆ ಇದ್ದಂತೆ ಇನ್ನೊಂದಕ್ಕಿಲ್ಲ. ಭಾರತದ ವಿಮಾನಗಳಿಗೆಲ್ಲ ಮೊದಲ ಎರಡು ಅಕ್ಷರ ‘ವಿಟಿ’. ಹುಡುಗನ ಫೋನಿನ ಅಕ್ಷರಗಳೊಡನೆ ತಾಳೆ ನೋಡಿದೆವು. ಅದೇ ವಿಮಾನ. ಸಂದೇಹವಿರಲಿಲ್ಲ. ದಾರಿಯಿಂದಲೇ ಚಿತ್ರವನ್ನು ಮಾರ್ಟಳ್ಳಿಗೆ ಕಳುಹಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಆ ತಾಯಿಯ ಧ್ವನಿ ಕೇಳಿಸಿತು: “ಕಿಟಕಿ ಎಲ್ಲಾ ಎಣಿಸಿದೆ ಮೇಷ್ಟ್ರೆ. ಯಾವುದ್ರಲ್ಲಿ ಕುಂತವಳೆ?”

ಚಿತ್ರದ ಬೆನ್ನಿಗೆ

ವಿಮಾನಗಳ ಚಿತ್ರ ತೆಗೆದು ಕೂಡಿಡುವುದು ಕೆಲಸವಿಲ್ಲದವರ ಕೆಲಸವೆಂದು ನಗುವವರು ಇದ್ದಾರೆ. ಅವರು ಆ ಹುಡುಗನ ಸಂಗ್ರಹವನ್ನೊಮ್ಮೆ ನೋಡಬೇಕು. ಅದರಲ್ಲಿ ಅವನ ಸೋದರಮಾವ ತೆಗೆದ ಹಳೆಯ ಚಿತ್ರಗಳೂ ಇದ್ದವು. ಬೆಂಗಳೂರಿನಲ್ಲಿಯೇ 2003ರಲ್ಲಿ ಕ್ಯಾಪ್ಟನ್ ಗೋಪಿನಾಥರು ಆರಂಭಿಸಿ, ಮೈಸೂರಿನ ಆರ್. ಕೆ. ಲಕ್ಷ್ಮಣರ ‘ಸಾಮಾನ್ಯ ಮನುಷ್ಯ’ನನ್ನು ಗುರುತಾಗಿ ಇಟ್ಟುಕೊಂಡಿದ್ದ ಏರ್ ಡೆಕ್ಕನ್, 2012ರಲ್ಲಿ ನಿಂತುಹೋದ ಕಿಂಗ್‌ಫಿಷರ್, 2019ರ ಏಪ್ರಿಲಿನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸ್, 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋದ ವಿಸ್ತಾರ. ಆ ಬಣ್ಣಗಳನ್ನು ಹೊತ್ತ ವಿಮಾನಗಳು ದಿನಕ್ಕೆ ಹತ್ತಾರು ಸಲ ನಮ್ಮ ತಲೆಯ ಮೇಲೆ ಹಾರಿದವು. ಅವು ಎಂದೆಂದಿಗೂ ಇರುವವೆಂದೇ ಎಲ್ಲರೂ ತಿಳಿದಿದ್ದರು, ಹುಣಸೆಮರದ ಹಾಗೆ. ಇಂದು ಅವು ಉಳಿದಿರುವುದು ಚಳಿಯಲ್ಲಿ ನಿಂತು ಯಾರೋ ತೆಗೆದ ಇಂಥ ಚಿತ್ರಗಳಲ್ಲಿ.

ಮಕ್ಕಳ ಒತ್ತಾಯಕ್ಕೆ ಚಳಿಗಾಲದ ಒಂದು ಭಾನುವಾರ ಆ ಕಡೆ ಹೋಗುವ ಕುಟುಂಬಗಳಿಗೆ ಒಂದೆರಡು ಮಾತು ಹೇಳಬಹುದು. ಫ್ಲಾಸ್ಕಿನಲ್ಲಿ ಬಿಸಿ ಕಾಫಿ, ಮಕ್ಕಳಿಗೆ ಕುಲಾವಿ, ಮಸೂರಕ್ಕೆ ಒಣಬಟ್ಟೆ ಮರೆಯದಿರಲಿ. ಸಾರ್ವಜನಿಕ ದಾರಿಯಲ್ಲಿಯೇ ನಿಲ್ಲಿ. ರೈತರ ಹೊಲವನ್ನು ಅವರ ಅಪ್ಪಣೆಯಿಲ್ಲದೆ ತುಳಿಯಬೇಡಿ. ವಿಮಾನದ ಚಿತ್ರ ತೆಗೆದಾದ ಮೇಲೆ, ಪಕ್ಕದ ಚಪ್ಪರದ್ದೂ ಮರದ್ದೂ ಒಂದೊಂದು ಚಿತ್ರ ತೆಗೆದುಕೊಳ್ಳಿ. ಆ ಹೊಲದ ಯಜಮಾನರಿಗೂ ಒಂದು ಪ್ರತಿ ಕೊಡಿ.

ಮತ್ತೊಂದು ಮಾತು ಮೇಷ್ಟ್ರದು. ಫೋನಿನಲ್ಲಿ ಕಂಡ ಚಿತ್ರ ಫೋನಿನೊಡನೆ ಹೋಗುತ್ತದೆ ಎಂಬುದು ಅವರ ವಾದ. ಆದ್ದರಿಂದ ಅಂದು ಸಂಜೆಯೇ ಸ್ಟುಡಿಯೋ ಒಂದರಲ್ಲಿ ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿದರು. ಜೇಬಿನಿಂದ ಪೆನ್ನು ತೆಗೆದು, ಚಿತ್ರದ ಬೆನ್ನಿಗೆ ಶಾಲೆಯ ದುಂಡು ಅಕ್ಷರಗಳಲ್ಲಿ ತಾರೀಖು, ಹೊತ್ತು, ವಿಮಾನದ ನೋಂದಣಿ ಅಕ್ಷರಗಳನ್ನು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಬರೆದು, ಶಾಯಿ ಒಣಗುವ ತನಕ ಕಾದು, ಲಕೋಟೆಯೊಳಗೆ ಇಟ್ಟರು: “ಬಲಗಡೆಯ ಕಿಟಕಿ.”